ಅನೆಲ್ಕಾ ಅವಸರಪಟ್ಟರೇ?

ನಿಕೊಲಾ ಅನೆಲ್ಕಾ ಇಪ್ಪತ್ತೊಂದು ತುಂಬಿ ನಾಲ್ಕು ತಿಂಗಳಾಗುವ ಹೊತ್ತಿಗೆ ಮೂರು ದೇಶಗಳ ಮೂರು ದೊಡ್ಡ ಕ್ಲಬ್‌ಗಳಲ್ಲಿ ಆಡಿ, ಹೊರಟಲ್ಲಿಗೇ ಮರಳಿದ್ದರು. 1997ರ ಫೆಬ್ರುವರಿಯಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್ ಅವರನ್ನು ಸುಮಾರು 5 ಲಕ್ಷ ಪೌಂಡ್‌ಗೆ ಲಂಡನ್ನಿನ ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. 1999ರ ಬೇಸಿಗೆಯಲ್ಲಿ ಆರ್ಸೆನಲ್ ಅವರನ್ನು 2 ಕೋಟಿ 20 ಲಕ್ಷಕ್ಕೂ ಹೆಚ್ಚು ಪೌಂಡ್‌ಗೆ ರಿಯಲ್ ಮ್ಯಾಡ್ರಿಡ್‌ಗೆ ಮಾರಿತು. ಮರುವರ್ಷ ಅದೇ ಪ್ಯಾರಿಸ್ ಕ್ಲಬ್ ಹೆಚ್ಚುಕಡಿಮೆ ಅಷ್ಟೇ ಹಣ ತೆತ್ತು ತಾನು ಕಳೆದುಕೊಂಡವನನ್ನು ವಾಪಸು ಕೊಂಡಿತು. ಮೂರೂವರೆ ವರ್ಷದಲ್ಲಿ ನಲವತ್ತು ಪಟ್ಟಿಗೂ ಮಿಗಿಲಾದ ಬೆಲೆ. ಈ ನಡುವೆ ಇಂಗ್ಲೆಂಡಿನ ಲೀಗ್ ಪ್ರಶಸ್ತಿ, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್, ಫ್ರಾನ್ಸ್ ತಂಡದೊಡನೆ ಯುರೋ 2000 ಅವರ ಕೈಸೇರಿದ್ದವು. ಬಹುಪಾಲು ಆಟಗಾರರು ಇಡೀ ಬದುಕಿನಲ್ಲಿ ಕಾಣದಷ್ಟು ಇದು. ಆದರೂ ಆ ವರ್ಷಗಳ ಮಾತು ಬಂದಾಗ ಕೇಳಿಬರುವುದು ಹೆಚ್ಚಾಗಿ ವಿಷಾದದ ಧ್ವನಿಯೇ.

ಆ ವಿಷಾದ ಎಷ್ಟರಮಟ್ಟಿಗೆ ನ್ಯಾಯ ಎಂಬುದು ಪರಿಶೀಲನೆಗೆ ತಕ್ಕ ಪ್ರಶ್ನೆ. ಅನೆಲ್ಕಾ ಪ್ಯಾರಿಸ್ಸನ್ನು ತೀರ ಬೇಗ ಬಿಟ್ಟರು, ಆರ್ಸೆನಲನ್ನು ಇನ್ನೂ ಬೇಗ ಬಿಟ್ಟರು, ಆ ಅವಸರದ ಬೆಲೆಯನ್ನು ಮುಂದಿನ ಹತ್ತು ವರ್ಷ ತೆತ್ತರು ಎಂದು ಒಂದು ಪಕ್ಷ ಹೇಳುತ್ತದೆ. ಕ್ಲಬ್‌ಗಳು ಆಟಗಾರರನ್ನು ಮಾರುವಾಗ ಯಾರೂ ನಿಷ್ಠೆಯ ಮಾತೆತ್ತುವುದಿಲ್ಲ, ಹದಿಹರೆಯದ ಹುಡುಗ ತನ್ನ ಬೆಲೆ ತಾನರಿತು ಹೊರಟರೆ ಮಾತ್ರ ಅದು ದುರಾಸೆಯಾಗಿ ಕಾಣುತ್ತದೆ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡೂ ಕಡೆ ಆಟವನ್ನು ಬಲ್ಲವರಿದ್ದಾರೆ. ಯಾವ ಕಡೆಯ ಮಾತನ್ನೂ ಬರೀ ಅಭಿಮಾನವೆಂದೋ ಬರೀ ಅಸೂಯೆಯೆಂದೋ ತಳ್ಳಿಹಾಕುವಂತಿಲ್ಲ.

ಮೊದಲು ಪ್ಯಾರಿಸ್ಸಿನ ಅಹವಾಲನ್ನು ಕೇಳಬೇಕು. ಅನೆಲ್ಕಾ ಹುಟ್ಟಿದ್ದು 1979ರ ಮಾರ್ಚ್‌ನಲ್ಲಿ, ವರ್ಸೈ ಪಕ್ಕದ ಲ ಶೆನೆಯಲ್ಲಿ. ಬೆಳೆದದ್ದು ರಾಜಧಾನಿಯ ಪಶ್ಚಿಮಕ್ಕಿರುವ ಟ್ರಾಪ್ ಎಂಬ ಉಪನಗರದ ವಸತಿ ಸಮುಚ್ಚಯಗಳ ನಡುವೆ. ತಂದೆತಾಯಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದ ಮೂಲದವರು. ಫ್ರೆಂಚ್ ಫುಟ್‌ಬಾಲ್ ಒಕ್ಕೂಟ 1988ರಲ್ಲಿ ಕ್ಲೇರ್‌ಫಾಂಟೆನ್‌ನಲ್ಲಿ ತೆರೆದ ತರಬೇತಿ ಕೇಂದ್ರದಲ್ಲಿ ಅವರು ಪಳಗಿದರು, ಅಲ್ಲಿಂದ ಪ್ಯಾರಿಸ್ ಕ್ಲಬ್ಬಿಗೆ ಬಂದರು. ಹದಿನಾರನೇ ವಯಸ್ಸಿನಲ್ಲೇ, 1996ರ ಫೆಬ್ರುವರಿಯಲ್ಲಿ, ಮೊನಾಕೊ ವಿರುದ್ಧ ಅವರನ್ನು ಮೊದಲ ತಂಡದಲ್ಲಿ ಇಳಿಸಲಾಯಿತು. ಹುಡುಗನನ್ನು ಮೂಲೆಗೊತ್ತಿದ ಕ್ಲಬ್ಬು ಹೀಗೆ ಮಾಡುವುದಿಲ್ಲ ಎಂಬುದು ಪ್ಯಾರಿಸ್ ಪರ ವಾದಿಸುವವರ ಬಲವಾದ ಅಂಶ. ಕ್ಲಬ್ ಆಗ ಸಾಮಾನ್ಯ ಸ್ಥಿತಿಯಲ್ಲೂ ಇರಲಿಲ್ಲ: 1996ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದಿತ್ತು, ಮರುವರ್ಷವೂ ಅದರ ಫೈನಲ್ ತಲುಪಿತು. ಅಂಥ ತಂಡದ ಮುಂಚೂಣಿಯಲ್ಲಿ ಪ್ಯಾಟ್ರಿಸ್ ಲೊಕೊ, ಪನಾಮಾದ ಹುಲಿಯೊ ಡೆಲಿ ವಾಲ್ಡೆಸ್ ಇರುವಾಗ ಹದಿನೇಳರ ಹುಡುಗ ಸರದಿ ಕಾಯುವುದು ಅನ್ಯಾಯವೇನಲ್ಲ. ತರಬೇತಿ ಎಂಬುದು ಹಲವರ ಮೇಲೆ ಹೂಡಿ ಒಬ್ಬಿಬ್ಬರಿಂದ ಮರಳಿ ಪಡೆಯುವ ವ್ಯವಹಾರ. ಆ ಒಬ್ಬನೂ ಫಲ ಬಿಡುವ ಮುನ್ನವೇ ಹೊರಟರೆ ಮುಂದಿನ ಹತ್ತು ಹುಡುಗರಿಗೆ ಹಣ ಎಲ್ಲಿಂದ ಬರಬೇಕು?

ಇದಕ್ಕೆ ಎದುರು ಪಕ್ಷದ ಉತ್ತರವೂ ಹಗುರವಲ್ಲ. ಪ್ಯಾರಿಸ್‌ನಲ್ಲಿ ಆ ಮೊದಲ ಅವಧಿಯಲ್ಲಿ ಅನೆಲ್ಕಾ ಲೀಗ್‌ನಲ್ಲಿ ಆಡಿದ್ದು ಹತ್ತರ ಆಸುಪಾಸಿನ ಪಂದ್ಯ, ಹೊಡೆದದ್ದು ಒಂದೇ ಗೋಲು. ವೃತ್ತಿಪರ ಒಪ್ಪಂದವೂ ಇನ್ನೂ ಆಗಿರಲಿಲ್ಲ. ಫ್ರಾನ್ಸ್‌ನ ವೃತ್ತಿಪರ ಫುಟ್‌ಬಾಲ್ ನಿಯಮಾವಳಿಯ ಪ್ರಕಾರ ತರಬೇತಿ ಪಡೆದ ಹುಡುಗ, ಕ್ಲಬ್ ಕೇಳಿದರೆ, ತನ್ನ ಮೊದಲ ವೃತ್ತಿಪರ ಒಪ್ಪಂದವನ್ನು ಅದರೊಡನೆಯೇ ಮಾಡಿಕೊಳ್ಳಬೇಕಿತ್ತು. ಆ ಕಟ್ಟುಪಾಡು ಮಾತ್ರ ದೇಶದ ಗಡಿ ದಾಟುತ್ತಿರಲಿಲ್ಲ. ಒಪ್ಪಂದ ಮುಗಿದ ಆಟಗಾರ ಹಣದ ತಡೆಯಿಲ್ಲದೆ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದೆಂದು 1995ರ ಡಿಸೆಂಬರ್‌ನಲ್ಲಿ ಬಂದ ಬೊಸ್ಮನ್ ತೀರ್ಪು ಯುರೋಪಿನ ಆಟಗಾರರ ಓಡಾಟದ ಕಲ್ಪನೆಯನ್ನೇ ಬದಲಿಸಿತ್ತು. 1996ರ ಶರತ್ಕಾಲದಲ್ಲಿ ಆರ್ಸೆನಲ್‌ಗೆ ಕೋಚ್ ಆಗಿ ಬಂದ ಆರ್ಸೆನ್ ವೆಂಗರ್ ಫ್ರಾನ್ಸ್‌ನ ಕಿರಿಯರನ್ನು ಹೆಸರು ಹಿಡಿದು ಬಲ್ಲವರು. ಪ್ಯಾಟ್ರಿಕ್ ವಿಯೆರಾ, ರೆಮಿ ಗಾರ್ಡ್ ಆಗಲೇ ಅಲ್ಲಿದ್ದರು. ತನ್ನ ಭಾಷೆಯಾಡುವ ಕೋಚ್, ತನ್ನ ಭಾಷೆಯಾಡುವ ಸಹಆಟಗಾರರು, ಆಡಿಸುವ ಭರವಸೆ ಇವಿಷ್ಟೂ ಎದುರಿಗಿರುವಾಗ ಬೆಂಚಿನಲ್ಲೇ ಕೂತಿರು ಎಂದು ಹುಡುಗನಿಗೆ ಹೇಳುವವರು ಅವನ ಹಿತವನ್ನು ನೋಡುತ್ತಿದ್ದಾರೋ ಕ್ಲಬ್ಬಿನ ಹಿತವನ್ನೋ ಎಂದು ಕೇಳುವುದು ತಪ್ಪಲ್ಲ.

ಕಾಲ ಕೊಟ್ಟ ಪುರಾವೆಯೂ ಮೊದಮೊದಲು ಹುಡುಗನ ಕಡೆಗೇ ಇತ್ತು. ಆದರೆ ಅದು ಎಷ್ಟು ಅಳೆದು ತೂಗಿದ ಏರಿಕೆ ಎಂಬುದನ್ನು ಗಮನಿಸಬೇಕು. 1997ರ ವಸಂತದಲ್ಲಿ ಅವರು ಆಡಿದ್ದು ಬದಲಿಯಾಗಿ ನಾಲ್ಕೇ ಲೀಗ್ ಪಂದ್ಯ. ಮೊದಲ ಗೋಲು ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಮುಂಚೂಣಿ ಆಟಗಾರ ಇಯಾನ್ ರೈಟ್ ಗಾಯಗೊಂಡಾಗ ಜಾಗ ತೆರವಾಯಿತು. ತೆರವಾದ ಜಾಗವನ್ನು ಅನೆಲ್ಕಾ ಮತ್ತೆ ಬಿಟ್ಟುಕೊಡಲಿಲ್ಲ. 1998ರ ಮೇ 16ರ ಎಫ್‌ಎ ಕಪ್ ಫೈನಲ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ಅವರು ಹೊಡೆದ ಎರಡನೇ ಗೋಲನ್ನು ನೋಡಿದವರಿಗೆ ಅವರ ಆಟದ ಗುಟ್ಟು ಅರ್ಥವಾಗುತ್ತದೆ. ರೇ ಪಾರ್ಲರ್ ರಕ್ಷಣಾ ಸಾಲಿನ ಮೇಲಿಂದ ಚೆಂಡನ್ನು ಮುಂದಕ್ಕೆ ಕಳಿಸುತ್ತಾರೆ. ಅನೆಲ್ಕಾ ಓಟ ಶುರುವಾದದ್ದು ಗೊತ್ತಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಭುಜ ಅಲುಗದು, ಹೆಜ್ಜೆಯಲ್ಲಿ ಆತುರ ಕಾಣದು. ಚೆಂಡನ್ನು ಒಮ್ಮೆ ಹದಕ್ಕೆ ತಂದುಕೊಂಡು ಬಲಗಾಲಿನಿಂದ ಗೋಲ್‌ಕೀಪರ್ ಶೇ ಗಿವನ್‌ರನ್ನು ದಾಟಿ ದೂರದ ಮೂಲೆಗೆ ನೆಲಮಟ್ಟದಲ್ಲಿ ಒದೆಯುತ್ತಾರೆ. ಹತ್ತೊಂಬತ್ತು ತುಂಬಿ ಆಗಿನ್ನೂ ಎರಡು ತಿಂಗಳು. ಆ ಋತುವಿನ ಲೀಗ್ ಪ್ರಶಸ್ತಿಯೂ ಆರ್ಸೆನಲ್‌ನದೇ. ಮುಂದಿನ ಋತುವಿನಲ್ಲಿ ಲೀಗ್‌ನಲ್ಲಿ 17 ಗೋಲು, ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘದಿಂದ ವರ್ಷದ ಯುವ ಆಟಗಾರ ಗೌರವ. 1999ರ ಫೆಬ್ರುವರಿಯಲ್ಲಿ ವೆಂಬ್ಲಿಯಲ್ಲಿ ಫ್ರಾನ್ಸ್ ಇಂಗ್ಲೆಂಡನ್ನು 2-0ಯಿಂದ ಸೋಲಿಸಿದಾಗ ಎರಡೂ ಗೋಲು ಅವರವೇ.

ಇಲ್ಲಿ ಒಂದು ಉಪವಾದವಿದೆ. ಫ್ರಾನ್ಸ್‌ನಲ್ಲೇ ಉಳಿದಿದ್ದರೆ 1998ರ ವಿಶ್ವಕಪ್ ಕೈತಪ್ಪುತ್ತಿರಲಿಲ್ಲ ಎಂಬುದು. ಆ ಮೇ ತಿಂಗಳಲ್ಲಿ ಫ್ರಾನ್ಸ್ ತಂಡದ ಕೋಚ್ ಎಮೆ ಜಾಕೆ ತಮ್ಮ 28 ಜನರ ಪಟ್ಟಿಯಿಂದ ಆರು ಮಂದಿಯನ್ನು ಕೈಬಿಟ್ಟಾಗ ಅವರಲ್ಲಿ ಅನೆಲ್ಕಾ ಒಬ್ಬರು. ಮೊನಾಕೊದಲ್ಲೇ ಉಳಿದಿದ್ದ ಥಿಯರಿ ಆನ್ರಿ ಮತ್ತು ಡೇವಿಡ್ ಟ್ರೆಜೆಗೆ ಉಳಿದುಕೊಂಡರು, ವಿಶ್ವಚಾಂಪಿಯನ್ನರಾದರು. ವಾದ ಕೇಳಲು ಚೆನ್ನಾಗಿದೆ. ಆದರೆ ಅದೇ ಆರ್ಸೆನಲ್‌ನಿಂದ ವಿಯೆರಾ ಮತ್ತು ಇಮ್ಯಾನುಯೆಲ್ ಪೆಟಿ ತಂಡದಲ್ಲಿದ್ದರು ಎಂಬುದನ್ನು ಅದು ಮರೆಯುತ್ತದೆ. ಇದನ್ನು ನಾನು ತೂಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಜವಾದ ಭಿನ್ನಾಭಿಪ್ರಾಯ ಇರುವುದು 1999ರ ಬೇಸಿಗೆಯ ಬಗ್ಗೆ. ಉಳಿಯಬೇಕಿತ್ತು ಎನ್ನುವವರ ಬಳಿ ಬಲವಾದ ಕಾರಣಗಳಿವೆ. ಆ ಋತುವಿನಲ್ಲಿ ಆರ್ಸೆನಲ್ ಲೀಗ್ ಪ್ರಶಸ್ತಿಯನ್ನು ಕಳೆದುಕೊಂಡದ್ದು ಒಂದೇ ಒಂದು ಅಂಕದಿಂದ. ತಂಡ ಕಟ್ಟಿ ನಿಂತಿತ್ತು, ಡೆನಿಸ್ ಬರ್ಗ್‌ಕ್ಯಾಂಪ್ ಅವರಂಥ ಆಟಗಾರ ಹಿಂದಿನಿಂದ ಚೆಂಡು ಒದಗಿಸುತ್ತಿದ್ದರು. ಸ್ಟ್ರೈಕರ್ ಒಬ್ಬನ ಬೆಲೆ ಅವನೊಬ್ಬನ ಕಾಲಲ್ಲಿ ಇರುವುದಿಲ್ಲ. ಅವನ ಓಟವನ್ನು ಅರ್ಧ ಕ್ಷಣ ಮೊದಲೇ ಊಹಿಸಬಲ್ಲ ಜೊತೆಗಾರನಲ್ಲೂ ಇರುತ್ತದೆ. ಆ ಜೊತೆಯನ್ನು ಮಾರುಕಟ್ಟೆಯಲ್ಲಿ ಕೊಳ್ಳಲಾಗದು. ಇನ್ನೂ ಉಳಿದಿದ್ದ ಒಪ್ಪಂದವನ್ನು ಮುರಿದು ಹೊರಡುವಂತೆ ಒತ್ತಡ ತಂದ ರೀತಿಯೂ ಹಲವರ ಕಣ್ಣಿಗೆ ಚುಚ್ಚಿತು. ಆಟಗಾರನ ವ್ಯವಹಾರ ನೋಡುತ್ತಿದ್ದವರು ಅಣ್ಣಂದಿರಾದ ಕ್ಲೋಡ್ ಮತ್ತು ಡಿಡಿಯೆ. ಇಟಲಿಯ ಲಾಜಿಯೊ ಕ್ಲಬ್ಬಿನ ಹೆಸರೂ ಕೇಳಿಬಂದು, ಬೇಸಿಗೆಯ ಉದ್ದಕ್ಕೂ ಚೌಕಾಸಿ ನಡೆಯಿತು. ಮನೆಮಂದಿಯೇ ದಲ್ಲಾಳಿಗಳಾದಾಗ ಇಪ್ಪತ್ತರ ಹುಡುಗನಿಗೆ ಬೇಡ ಎನ್ನುವವರು ಯಾರು ಉಳಿಯುತ್ತಾರೆ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ.

ಹೊರಟದ್ದು ಸರಿ ಎನ್ನುವವರು ಇದನ್ನೇ ಇನ್ನೊಂದು ಬದಿಯಿಂದ ತೋರಿಸುತ್ತಾರೆ. ದಲ್ಲಾಳಿ ಪರಕೀಯನಾಗಿದ್ದರೆ ಅವನ ಕಣ್ಣು ತನ್ನ ಪಾಲಿನ ಮೇಲಿರುತ್ತದೆ. ಅಣ್ಣಂದಿರಿಗೆ ಕನಿಷ್ಠ ಪಕ್ಷ ತಮ್ಮನ ಮೇಲೆ ಮಮತೆ ಇರುತ್ತದೆ. ಇಂಗ್ಲಿಷ್ ಪತ್ರಿಕೆಗಳು ಅನೆಲ್ಕಾ ಅವರಿಗೆ ಮುಖ ಊದಿಸಿಕೊಂಡವ ಎಂಬರ್ಥದ ಅಡ್ಡಹೆಸರು ಅಂಟಿಸಿದ್ದವು. ಸಂಕೋಚದ, ಮಿತಭಾಷಿಯಾದ, ಪರಭಾಷೆಯಲ್ಲಿ ತಡವರಿಸುವ ಯುವಕನ ಮೌನವನ್ನು ಅಹಂಕಾರವೆಂದು ಓದುವುದು ಸುಲಭ. ತನ್ನನ್ನು ಹೀಗೆ ಓದುವ ಊರಿನಲ್ಲಿ ಇರಲು ಮನಸ್ಸಿಲ್ಲ ಎಂದವನಿಗೆ ಉಪದೇಶಕ್ಕಿಂತ ಬಿಡುಗಡೆ ಕೊಡುವುದೇ ಮೇಲು. ಎಲ್ಲಕ್ಕಿಂತ ದೊಡ್ಡ ಮಾತು, ಕರೆದದ್ದು ರಿಯಲ್ ಮ್ಯಾಡ್ರಿಡ್. ಫುಟ್‌ಬಾಲ್ ಆಟಗಾರನ ವೃತ್ತಿ ಹತ್ತು ಹದಿನೈದು ವರ್ಷದ್ದು. ಒಂದು ಮೊಣಕಾಲ ಗಾಯ ಸಾಕು, ಎಲ್ಲ ಮುಗಿಯಲು. ಅಂಥ ಕರೆ ಎರಡನೇ ಸಲ ಬಂದೇ ಬರುತ್ತದೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಇನ್ನು ಆರ್ಸೆನಲ್‌ಗೆ ನಷ್ಟವಾಯಿತೇ ಎಂದರೆ, 5 ಲಕ್ಷಕ್ಕೆ ಕೊಂಡದ್ದನ್ನು ಮಾರಿ ಬಂದ ಹಣದ ಅರ್ಧದಷ್ಟರಲ್ಲಿ ಅದು ಯುವೆಂಟಸ್‌ನಿಂದ ಆನ್ರಿಯನ್ನು ತಂದಿತು. ಇನ್ನೊಂದು ಪಾಲು ಅದೇ ಅಕ್ಟೋಬರ್‌ನಲ್ಲಿ ತೆರೆದ ಲಂಡನ್ ಕಾಲ್ನಿಯ ಹೊಸ ತರಬೇತಿ ಕೇಂದ್ರಕ್ಕೆ ಒದಗಿತು ಎಂಬುದು ಆರ್ಸೆನಲ್ ವಲಯದಲ್ಲಿ ಈಗಲೂ ನಡೆಯುವ ಮಾತು. ಹೋದವನನ್ನು ಬೈಯುತ್ತಲೇ ಅವನು ತಂದ ಹಣದಿಂದ ಇಷ್ಟು ಸೊಗಸಾಗಿ ಬಾಳಿದ ಕ್ಲಬ್ಬು ಅಪರೂಪ.

ಮ್ಯಾಡ್ರಿಡ್‌ನ ವರ್ಷವನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ, ಹಾಗಾಗಿ ಅಲ್ಲಿ ನಡೆದದ್ದನ್ನು ತುಸು ಬಿಡಿಸಿ ನೋಡಬೇಕು. ತಂಡದಲ್ಲಿ ರಾಉಲ್ ಮತ್ತು ಫರ್ನಾಂಡೊ ಮೊರಿಯೆಂಟೆಸ್ ಜೋಡಿ ಆಗಲೇ ಬೇರೂರಿತ್ತು. ಅವರ ನಡುವೆ ಬಂದವನು ಕ್ಲಬ್ಬಿನ ಅತಿ ದುಬಾರಿ ಆಟಗಾರ. ಮೊದಲ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲಿ ಕೂರಲು ಹೋದರೂ ಅದು ನನ್ನ ಜಾಗ ಎಂದು ಯಾರೋ ಎಬ್ಬಿಸುತ್ತಿದ್ದರು ಎಂದು ಅನೆಲ್ಕಾ ಬಹಳ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ನವೆಂಬರ್‌ನಲ್ಲಿ ಕೋಚ್ ಜಾನ್ ಟೊಶಾಕ್ ಹೋಗಿ ವಿಸೆಂಟೆ ಡೆಲ್ ಬೊಸ್ಕೆ ಬಂದರು. ಐದು ತಿಂಗಳು ಗೋಲಿಲ್ಲ. ಮೊದಲ ಗೋಲುಗಳು ಬಂದದ್ದು 2000ದ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕ್ಲಬ್‌ಗಳ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ. ಲೀಗ್‌ನ ಮೊದಲ ಗೋಲು ಫೆಬ್ರುವರಿಯ ಕೊನೆಗೆ, ಬಾರ್ಸಿಲೋನಾ ವಿರುದ್ಧ. ಮಾರ್ಚ್‌ನಲ್ಲಿ ಸ್ಫೋಟವಾಯಿತು. ಫ್ರೆಂಚ್ ಪತ್ರಿಕೆಯೊಂದರಲ್ಲಿ ತಂಡದ ವಿರುದ್ಧ ಮಾತಾಡಿದ ಅನೆಲ್ಕಾ ಅಭ್ಯಾಸಕ್ಕೆ ಬರಲು ನಿರಾಕರಿಸಿದರು, ಕ್ಲಬ್ 45 ದಿನ ಅಮಾನತು ಮಾಡಿತು. ಋತು ಮುಗಿದಾಗ ಲೀಗ್ ಲೆಕ್ಕ ಹೀಗಿತ್ತು: 19 ಪಂದ್ಯ, 2 ಗೋಲು. ಅವಸರದ ಫಲಕ್ಕೆ ಇದಕ್ಕಿಂತ ಸ್ಪಷ್ಟ ರುಜುವಾತು ಬೇಕೇ ಎಂದು ಒಂದು ಪಕ್ಷ ಕೇಳುತ್ತದೆ. ಅದು ನಿರಾಧಾರವಾದ ಪ್ರಶ್ನೆಯಲ್ಲ. ಅಭ್ಯಾಸಕ್ಕೆ ಬಾರದಿರುವುದು ಸಂಕೋಚದ ಲಕ್ಷಣವಂತೂ ಅಲ್ಲ. ಅದು ಸಂಬಳ ಪಡೆಯುವ ವೃತ್ತಿಪರನ ಕರ್ತವ್ಯಲೋಪ.

ಆದರೆ ಮೇ ತಿಂಗಳು ಇನ್ನೂ ಬಂದಿರಲಿಲ್ಲ. ಅಮಾನತಿನಿಂದ ಮರಳಿದ ಅನೆಲ್ಕಾ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಎರಡೂ ಸುತ್ತಿನಲ್ಲಿ ಗೋಲು ಹೊಡೆದರು: ಮ್ಯಾಡ್ರಿಡ್‌ನಲ್ಲಿ ನಾಲ್ಕನೇ ನಿಮಿಷಕ್ಕೆ ಒಂದು, ಮ್ಯೂನಿಕ್‌ನಲ್ಲಿ ತಲೆಯಿಂದ ಇನ್ನೊಂದು. ಒಟ್ಟು ಲೆಕ್ಕದಲ್ಲಿ ರಿಯಲ್ ಗೆದ್ದದ್ದು 3-2ರಿಂದ. ಮೇ 24ರಂದು ಪ್ಯಾರಿಸ್ ಅಂಚಿನ ಸೇಂಟ್ ಡೆನಿಸ್‌ನಲ್ಲಿ ವೆಲೆನ್ಸಿಯಾ ವಿರುದ್ಧದ ಫೈನಲ್‌ನಲ್ಲೂ ಮೊದಲಿಂದ ಆಡಿದರು; ರಿಯಲ್ 3-0ಯಿಂದ ಗೆದ್ದಿತು. ಲೀಗ್‌ನಲ್ಲಿ ಐದನೇ ಸ್ಥಾನಕ್ಕೆ ಜಾರಿದ್ದ ಕ್ಲಬ್ಬಿನ ಇಡೀ ವರ್ಷವನ್ನು ಉಳಿಸಿದ್ದು ಆ ಕಪ್ಪು. ಹಾಗಾದರೆ ಈ ವರ್ಷವನ್ನು ಬರೀ ವೈಫಲ್ಯ ಎನ್ನಲು ಬಾಯಿ ಬರುವುದು ಕಷ್ಟ. ಅದೇ ಬೇಸಿಗೆಯಲ್ಲಿ ಪಡೆದ ಬೆಲೆಯಲ್ಲಿ ರಿಯಲ್ ಹಾಕಿದ ಹಣವೂ ಹೆಚ್ಚುಕಡಿಮೆ ಮರಳಿ ಬಂತು. ಒಂದು ವರ್ಷದಲ್ಲಿ ಆಟಗಾರ ಹೊಸ ನೆಲಕ್ಕೆ ಒಗ್ಗಬೇಕೆಂದು ನಿರೀಕ್ಷಿಸಿದ್ದೇ ತಪ್ಪು, ಒಗ್ಗಿಸುವ ಹೊಣೆ ಕ್ಲಬ್ಬಿನದೂ ಹೌದು ಎಂಬ ಮಾತಿಗೆ ಇಲ್ಲಿ ಬಲ ಬರುತ್ತದೆ.

ಹೋಲಿಕೆಗೆ ಆನ್ರಿಯನ್ನು ಎಳೆದು ತರುವುದು ವಾಡಿಕೆ, ಅದೂ ಒಂದೇ ದಿಕ್ಕಿಗೆ. ಆನ್ರಿ ಮೊನಾಕೊದಲ್ಲಿ ಕಾದರು, ಹಣ್ಣಾದರು, ನಂತರ ಆರ್ಸೆನಲ್‌ನಲ್ಲಿ ಮಹಾನ್ ಆಟಗಾರರಾದರು ಎಂದು. ಪೂರ್ತಿ ಕತೆ ಇಷ್ಟು ನೇರವಿಲ್ಲ. ಅವರೂ ಕ್ಲೇರ್‌ಫಾಂಟೆನ್‌ನಿಂದಲೇ ಬಂದವರು, ಹದಿನೇಳಕ್ಕೇ ಮೊನಾಕೊ ಪರ ಆಡಿದವರು. 1999ರ ಜನವರಿಯಲ್ಲಿ ಯುವೆಂಟಸ್‌ಗೆ ಹೋಗಿ, ಬದಿಯ ಗೆರೆಯಗುಂಟ ಓಡಾಡಿ, ಲೀಗ್‌ನಲ್ಲಿ ಮೂರು ಗೋಲು ಹೊಡೆದು, ಆರೇಳು ತಿಂಗಳಲ್ಲಿ ಹೊರಬಂದರು. ಅದೂ ಎಡವಿದ ವಲಸೆಯೇ. ಆರ್ಸೆನಲ್‌ನಲ್ಲೂ ಮೊದಲ ಎಂಟು ಪಂದ್ಯ ಗೋಲಿಲ್ಲದೆ ಕಳೆದವು. ಬೇರೆಯಾದದ್ದು ಏನೆಂದರೆ, ಎಡವಿದಾಗ ಅವರು ಬಿದ್ದದ್ದು ತಮ್ಮನ್ನು ಹುಡುಗನಾಗಿದ್ದಾಗಲೇ ಬಲ್ಲ ವೆಂಗರ್ ಕೈಗೆ. ಅನೆಲ್ಕಾ ಬಿಟ್ಟು ಹೊರಟದ್ದು ಆ ಕೈಯನ್ನೇ. ಈ ಹೋಲಿಕೆ ಬೇಗ ಹೊರಡುವುದರ ವಿರುದ್ಧ ಹೆಚ್ಚೇನೂ ಹೇಳುವುದಿಲ್ಲ. ಯಾರ ಬಳಿಗೆ, ಯಾರನ್ನು ಬಿಟ್ಟು ಎಂಬುದರ ಬಗ್ಗೆ ಬಹಳ ಹೇಳುತ್ತದೆ.

ನಿಯಮಗಳು ಈ ಜಗಳವನ್ನು ಆಮೇಲೆ ಒಂದಿಷ್ಟು ಇತ್ಯರ್ಥ ಮಾಡಿದವು. 2001ರಲ್ಲಿ ಫಿಫಾ ತಂದ ವರ್ಗಾವಣೆ ನಿಯಮಗಳು ಹದಿನೆಂಟಕ್ಕಿಂತ ಕಿರಿಯರ ಅಂತರರಾಷ್ಟ್ರೀಯ ವರ್ಗಾವಣೆಯನ್ನು ತಡೆದವು, ಯುರೋಪಿನೊಳಗೆ ದುಡಿಮೆಯ ಕನಿಷ್ಠ ವಯಸ್ಸು ದಾಟಿದವರಿಗೆ ಷರತ್ತಿನ ಮೇಲೆ ಬಾಗಿಲು ತೆರೆದಿಟ್ಟವು. ತರಬೇತಿ ಕೊಟ್ಟ ಕ್ಲಬ್ಬಿಗೆ ಪರಿಹಾರ, ಮುಂದಿನ ವರ್ಗಾವಣೆಗಳಲ್ಲೂ ಸಣ್ಣ ಪಾಲು ಸಿಗುವಂತಾಯಿತು. 2000ದಲ್ಲಿ ಲಿಯೊನ್ ಬಿಟ್ಟು ನ್ಯೂಕ್ಯಾಸಲ್‌ಗೆ ಹೋದ ಒಲಿವಿಯೆ ಬರ್ನಾರ್ ಎಂಬ ತರಬೇತಿ ಆಟಗಾರನ ಮೊಕದ್ದಮೆ 2010ರ ಮಾರ್ಚ್‌ನಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ತೀರ್ಮಾನವಾದಾಗ ಬಂದ ತೀರ್ಪೂ ಎರಡು ಕಡೆಯ ಮಾತನ್ನು ಕೇಳಿದಂಥದು. ಕಿರಿಯರನ್ನು ತಯಾರು ಮಾಡುವ ಕ್ಲಬ್ಬು ಪರಿಹಾರ ಕೇಳುವುದು ನ್ಯಾಯಸಮ್ಮತ. ಆದರೆ ಆ ಮೊತ್ತ ತರಬೇತಿಯ ನಿಜ ಖರ್ಚಿಗೆ ಸಂಬಂಧಿಸಿರಬೇಕೇ ಹೊರತು ಹುಡುಗನ ಕಾಲಿಗೆ ಹಾಕಿದ ಕೋಳವಾಗಬಾರದು ಎಂಬುದು ಅದರ ಸಾರ. ಈ ಅಳತೆಗೋಲಿನಲ್ಲಿ ನೋಡಿದರೆ ಪ್ಯಾರಿಸ್‌ಗೆ ಸಿಕ್ಕ 5 ಲಕ್ಷ ಪೌಂಡ್ ಹುಡುಗನ ಮುಂದಿನ ಬೆಲೆಯೆದುರು ಚಿಲ್ಲರೆಯೇ ಸರಿ, ತರಬೇತಿಯ ಖರ್ಚಿನೆದುರು ಮಾತ್ರ ಚಿಲ್ಲರೆಯಾಗಿರಲಾರದು.

ಇಷ್ಟನ್ನೂ ಎದುರಿಗಿಟ್ಟುಕೊಂಡರೆ ಎರಡು ನಿರ್ಗಮನಗಳನ್ನು ಒಂದೇ ಗಂಟಿಗೆ ಕಟ್ಟಿ ತೂಗುವುದೇ ತಪ್ಪೇನೋ ಎನಿಸುತ್ತದೆ. 1997ರಲ್ಲಿ ಹುಡುಗ ಬೆಂಚು ಬಿಟ್ಟು ಗುರುವಿನ ಬಳಿಗೆ ಹೋದ. 1999ರಲ್ಲಿ ಗುರುವನ್ನು ಬಿಟ್ಟು ಹೆಸರಿನ ಬಳಿಗೆ ಹೋದ. ಮೊದಲನೆಯದನ್ನು, ಕ್ಲಬ್ಬಿಗೆ ಇನ್ನೊಂದಿಷ್ಟು ಉದಾರ ಪರಿಹಾರ ಸಲ್ಲಬೇಕಿತ್ತು ಎಂಬ ಷರತ್ತಿನೊಡನೆ, ಸಮರ್ಥಿಸಬಹುದು. ಎರಡನೆಯದರಲ್ಲಿ ಹಕ್ಕು ಅವರದೇ ಆಗಿತ್ತು, ಹೊತ್ತು ಮಾತ್ರ ಕೂಡಿಬಂದಿರಲಿಲ್ಲ ಎನ್ನುವ ಕಡೆಗೆ ನಾನು ವಾಲುತ್ತೇನೆ. ಇದನ್ನು ದೃಢವಾಗಿ ಹೇಳಲಾರೆ. 2000ದ ಜುಲೈನಲ್ಲಿ ರಿಯಲ್ ಅಧ್ಯಕ್ಷ ಚುನಾವಣೆಯಲ್ಲಿ ಲೊರೆಂಜೊ ಸ್ಯಾನ್ಸ್ ಸೋತು ಫ್ಲೊರೆಂಟಿನೊ ಪೆರೆಸ್ ಗೆದ್ದರು, ಬಂದವರು ಮೊದಲು ಕೊಂಡದ್ದು ಲೂಯಿಸ್ ಫಿಗೊರನ್ನು. ಅನೆಲ್ಕಾ ಒಂದು ವರ್ಷ ತಡೆದಿದ್ದರೆ ಮ್ಯಾಡ್ರಿಡ್ ಬಾಗಿಲು ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಬಯರ್ನ್ ವಿರುದ್ಧದ ಆ ಎರಡು ಗೋಲೂ ಇಲ್ಲ, ಆ ಕಪ್ಪೂ ಇಲ್ಲ.

ಆದರೂ ಆ ವರ್ಷ ಆರ್ಸೆನಲ್‌ನಲ್ಲೇ ಉಳಿದಿದ್ದರೆ ದೊರೆಯುತ್ತಿದ್ದುದು ಕಪ್ಪಿಗಿಂತ ಬೇರೆಯದು: ಒಂದೆಡೆ ನೆಲೆ ನಿಲ್ಲುವ ಅವಕಾಶ. ಪ್ಯಾರಿಸ್‌ಗೆ ಮರಳಿದ ಮೇಲೆ ಅಲ್ಲೂ ಕೋಚ್ ಬದಲಾಗಿ, ಲೂಯಿಸ್ ಫೆರ್ನಾಂಡೆಸ್ ಜೊತೆ ಹೊಂದದೆ, 2001ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ಗೆ ಎರವಲು, 2002ರಲ್ಲಿ ಮ್ಯಾಂಚೆಸ್ಟರ್ ಸಿಟಿ, ಮುಂದೆ ಇಸ್ತಾಂಬುಲ್, ಬೋಲ್ಟನ್, ಚೆಲ್ಸಿ. 2008-09ರಲ್ಲಿ ಚೆಲ್ಸಿ ಪರ 19 ಗೋಲು ಹೊಡೆದು ಇಂಗ್ಲೆಂಡಿನ ಲೀಗ್‌ನಲ್ಲಿ ಎಲ್ಲರಿಗಿಂತ ಮುಂದೆ ನಿಂತಾಗ ಅವರಿಗೆ ಮೂವತ್ತು ತುಂಬಿತ್ತು. 2014ರಲ್ಲಿ ಮುಂಬೈ ಸಿಟಿ ತಂಡಕ್ಕೆ ಬಂದ ಅವರನ್ನು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕಂಡ ಕನ್ನಡಿಗರೂ ಇದ್ದಾರು. ಮೂವತ್ತೈದರ ಆ ಕಾಲಲ್ಲಿ ವೇಗವಿರಲಿಲ್ಲ, ಚೆಂಡು ಹದಕ್ಕೆ ತರುವ ಸ್ಪರ್ಶ ಉಳಿದಿತ್ತು. ವೆಂಗರ್ ಬಳಿ ಇನ್ನೊಂದು ಋತು, ಹೋಗುವುದಾದರೆ ಹೋಗುವ ದಿನಾಂಕವನ್ನು ಮೊದಲೇ ಬರೆದಿಟ್ಟ ಒಪ್ಪಂದ, ಮಾತುಕತೆಗೆ ಮನೆಯವರ ಜೊತೆ ಹೊರಗಿನವರೊಬ್ಬರು: ಇಷ್ಟಿದ್ದಿದ್ದರೆ ಆಟಗಾರನ ಹಕ್ಕಿಗೂ ಕ್ಲಬ್ಬಿನ ಲೆಕ್ಕಕ್ಕೂ ಚ್ಯುತಿ ಬರುತ್ತಿರಲಿಲ್ಲ. ಆರ್ಸೆನಲ್ ಒಂದು ವರ್ಷ ತಡವಾಗಿ, ಪ್ರಾಯಶಃ ತುಸು ಕಡಿಮೆ ಬೆಲೆಗೆ, ಮಾರುತ್ತಿತ್ತು. ಆನ್ರಿ ಬರುತ್ತಿದ್ದರೇ ಎಂಬುದಕ್ಕೆ ಈ ಏರ್ಪಾಡಿನಲ್ಲಿ ಉತ್ತರವಿಲ್ಲ. ಆರ್ಸೆನಲ್ ಅಭಿಮಾನಿಗಳು ಅದನ್ನು ಒಪ್ಪದಿರಲು ಆ ಒಂದು ಕಾರಣವೇ ಸಾಕಾದೀತು.